ಗಳಲೆ ಲಸಿಕಿ ಹಾಕಿಸಿದ್ರೂ ಕುರಿ ಕೆಮ್ಮಿ ಸಾಯಾಕ ಹತ್ಯಾವ, ಯಾಕ್ರಿ?

ಪ್ರಶ್ನೆ (ಶಹಾಪುರ ತಾಲೂಕು): 60 ಕುರಿ ಅದಾವ. ತಿಂಗಳ ಹಿಂದ ಹಿರೇಬೇನಿ, ಅಂದ್ರ ಪಿಪಿಆರ್, ಬಂದು ಹೋಯ್ತು. ಉಳಿದವು ಮೇಯಾಕ ಹತ್ತಿದ್ವು ಅಂತ ಎಂಟು ದಿನದ ಹಿಂದ ಗಳಲೆ (ಗಂಟಲುಬೇನಿ, ಎಚ್ಎಸ್) ಲಸಿಕಿ ಹಾಕಿಸಿದ್ವಿ. ಈಗ ಕೆಮ್ಮು, ಮೂಗಿನಾಗ ಹಳದಿ ಸಿಂಬಳ, ಜ್ವರ 105 ಡಿಗ್ರಿ. ಮೂರು ಸತ್ತಾವ. ಲಸಿಕಿ ಖೊಟ್ಟಿ ಇತ್ತೇನ್ರಿ?

ಉತ್ತರ (ಪಶುವೈದ್ಯರು, ಬೀದರ್): ಖೊಟ್ಟಿ ಅನ್ನುವ ಮೊದಲು ದಿನ ಎಣಿಸಿ. ಸತ್ತ ರೋಗಾಣುವಿನಿಂದ ಮಾಡಿದ ಲಸಿಕೆ ರಕ್ತದಲ್ಲಿ ಪ್ರತಿಕಾಯ ಏರಿಸಲು 2ರಿಂದ 3 ವಾರ ಬೇಕು. ಎಂಟು ದಿನಕ್ಕೆ ಅದರಿಂದ ರಕ್ಷಣೆ ಸಿಗುವುದಿಲ್ಲ. ಇನ್ನೊಂದು ಮಾತು ಬಹಳ ಜನರಿಗೆ ಗೊತ್ತಿರುವುದಿಲ್ಲ: ಗಳಲೆ ಲಸಿಕೆ ಪಾಶ್ಚುರೆಲ್ಲಾ ಮಲ್ಟೊಸಿಡಾ ಎಂಬ ಬ್ಯಾಕ್ಟೀರಿಯಾದ ಬಿ:2 ತಳಿಯದು. ಕುರಿಯ ಕೆಮ್ಮು-ನ್ಯುಮೋನಿಯಾದಲ್ಲಿ ಹೆಚ್ಚಾಗಿ ಸಿಗುವುದು ಮ್ಯಾನ್‌ಹೀಮಿಯಾ ಹೀಮೊಲಿಟಿಕಾ, ಇಲ್ಲವೆ ಪಾಶ್ಚುರೆಲ್ಲಾದ ಎ ತಳಿ. ಬಿ:2 ಲಸಿಕೆಯಿಂದ ಇವುಗಳ ಮೇಲೆ ದೊಡ್ಡ ಭರವಸೆ ಇಡಬೇಡಿ.

ಆದರೆ ನಿಮ್ಮ ಹಿಂಡಿನಲ್ಲಿ ಅಸಲು ಪೆಟ್ಟು ಕೊಟ್ಟದ್ದು ಹಿರೇಬೇನೆಯೇ. ಈ ಬ್ಯಾಕ್ಟೀರಿಯಾ ಹೊರಗಿನಿಂದ ಬರಬೇಕೆಂದೇನಿಲ್ಲ, ಆರೋಗ್ಯವಂತ ಕುರಿಯ ಮೂಗು-ಗಂಟಲಲ್ಲೇ ವಾಸ ಇರುತ್ತವೆ. ಉಸಿರಿನ ಜೊತೆ ದಿನಾಲೂ ಒಂದಿಷ್ಟು ಕೆಳಗಿಳಿಯುತ್ತವೆ. ಶ್ವಾಸನಾಳದ ಲೋಳೆ ಅವನ್ನು ಹಿಡಿಯುತ್ತದೆ, ಸಣ್ಣ ರೋಮಗಳು ಮೇಲಕ್ಕೆ ಗುಡಿಸುತ್ತವೆ. ತಪ್ಪಿಸಿಕೊಂಡು ಗಾಳಿಚೀಲ ತಲುಪಿದ್ದನ್ನು ಅಲ್ಲಿ ಕಾವಲಿರುವ ಮ್ಯಾಕ್ರೊಫೇಜ್ ಕೋಶ ನುಂಗುತ್ತದೆ. ಅದರ ಕೈ ಮೀರಿದರೆ ರಕ್ತದಿಂದ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಬರುತ್ತವೆ. ಪಿಪಿಆರ್ ವೈರಸ್ ಆ ರೋಮದ ಪದರ ಸುಡುತ್ತದೆ, ದುಗ್ಧಗ್ರಂಥಿಯಲ್ಲಿ ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳನ್ನು ಕೊಲ್ಲುತ್ತದೆ. ಕಸಬರಿಗೆಯೂ ಹೋಯಿತು, ಕಾವಲೂ ಸಡಿಲಾಯಿತು.

ಲಸಿಕೆಯ ಪಾಲು ಇಲ್ಲಿ ಎಷ್ಟು? ಪಾಶ್ಚುರೆಲ್ಲಾದ ಮೈಮೇಲೆ ಜಾರುವ ಕವಚ ಇದೆ, ನುಂಗುವ ಕೋಶಕ್ಕೆ ಹಿಡಿತ ಸಿಗುವುದಿಲ್ಲ. ಪ್ರತಿಕಾಯ ಆ ಕವಚಕ್ಕೆ ಹಿಡಿಕೆ ಹಚ್ಚಿ ಕೊಡುತ್ತದೆ. ಹಿಡಿದು ತಿನ್ನಬೇಕಾದದ್ದು ಕೋಶವೇ. ಕೋಶವೇ ಸೊರಗಿದ್ದರೆ ಹಿಡಿಕೆ ಎಷ್ಟಿದ್ದರೇನು? ಅದರ ಮೇಲೆ ಮ್ಯಾನ್‌ಹೀಮಿಯಾ ಉಗುಳುವ ವಿಷ ಮೆಲುಕು ಹಾಕುವ ಪ್ರಾಣಿಗಳ ಬಿಳಿ ರಕ್ತಕಣವನ್ನೇ ಒಡೆಯುತ್ತದೆ. ಒಡೆದ ಕಣದ ರಸ ಸುತ್ತಲಿನ ಶ್ವಾಸಕೋಶವನ್ನೂ ಕೊಳೆಸುತ್ತದೆ.

ಇನ್ನೊಂದು ಸತ್ತರೆ ಹೂಳುವ ಮೊದಲು ಪಶುವೈದ್ಯರಿಂದ ಕೊಯ್ಸಿ ನೋಡಿ. ಶ್ವಾಸಕೋಶದ ಮುಂದಿನ-ಕೆಳಗಿನ ಭಾಗ ಪಿತ್ತಜನಕಾಂಗದಂತೆ ಗಟ್ಟಿ, ಕೆಂಗಪ್ಪು ಆಗಿರುತ್ತದೆ. ಅದರ ಅಡಿಕೆಯಷ್ಟು ತುಂಡನ್ನು ನೀರಿಗೆ ಹಾಕಿದರೆ ಮುಳುಗುತ್ತದೆ, ಒಳ್ಳೆಯ ಭಾಗದ ತುಂಡು ತೇಲುತ್ತದೆ. ಗಟ್ಟಿ ಮತ್ತು ಒಳ್ಳೆಯ ಭಾಗ ಕೂಡುವ ಅಂಚಿನ ತುಂಡನ್ನು ಬರ್ಫದಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಿ. ಗಳಲೆಯ ಶಂಕೆ ಇದ್ದು, ಸತ್ತು ಬಹಳ ಹೊತ್ತಾಗಿದ್ದರೆ ಕಾಲಿನ ಉದ್ದ ಎಲುಬು ಕಳಿಸಿ, ಮಜ್ಜೆ ಬೇಗ ಕೆಡುವುದಿಲ್ಲ.

ಪ್ರಶ್ನೆ (ಅದೇ ಶಹಾಪುರದವರು): ಈಗ ಕೆಮ್ಮೋವಕ್ಕ ಟೆರಾಮೈಸಿನ್ ಮತ್ತ ಡೆಕ್ಸಾ ಕೊಡಬಹುದಾ? ಮೆಡಿಕಲ್‌ನವರು ಅದನ್ನೇ ಕೊಟ್ಟಾರ.

ಉತ್ತರ (ಪಶುವೈದ್ಯರು, ಬೀದರ್): ಡೆಕ್ಸಾಮೆಥಾಸೋನ್ ಸ್ಟೀರಾಯ್ಡ್, ಬೇಡವೇ ಬೇಡ. ಜ್ವರ ಇಳಿದು ಕುರಿ ಒಂದು ದಿನ ಚುರುಕಾದಂತೆ ಕಾಣುತ್ತದೆ, ಉಳಿದಿದ್ದ ಕಾವಲೂ ಮಲಗುತ್ತದೆ. ದಿನ ತುಂಬುತ್ತಿರುವ ಗಬ್ಬದ ಕುರಿ ಕಂದು ಹಾಕುತ್ತದೆ. ಜ್ವರ, ಉರಿಯೂತಕ್ಕೆ ಮೆಲಾಕ್ಸಿಕ್ಯಾಮ್ ಸಾಕು.

ಆಕ್ಸಿಟೆಟ್ರಾಸೈಕ್ಲಿನ್ (ಟೆರಾಮೈಸಿನ್ ಅಂದರೆ ಇದೇ) ದೀರ್ಘಾವಧಿಯದು ಕೆಜಿಗೆ 20 ಮಿಗ್ರಾಂ. ಮಿಲಿಗೆ 200 ಮಿಗ್ರಾಂ ಇರುವ ಬಾಟಲಿಯಾದರೆ 30 ಕೆಜಿ ಕುರಿಗೆ 3 ಮಿಲಿ, ಸ್ನಾಯುವಿಗೆ. ಬೇಕಾದರೆ 48ರಿಂದ 72 ತಾಸಿನ ಮೇಲೆ ಮತ್ತೊಂದು. ಆದರೆ ಇದು ಬ್ಯಾಕ್ಟೀರಿಯಾದ ಬೆಳವಣಿಗೆ ತಡೆದು ನಿಲ್ಲಿಸುವ ಔಷಧ, ಕೊಲ್ಲುವ ಕೆಲಸ ಕುರಿಯ ರಕ್ತಕಣಕ್ಕೆ ಬಿಡುತ್ತದೆ. ನಿಮ್ಮ ಕುರಿಗಳಲ್ಲಿ ಆ ಕಣವೇ ದುರ್ಬಲ. ಹಾಗಾಗಿ ನೇರವಾಗಿ ಕೊಲ್ಲುವ ಗುಂಪಿನ ಔಷಧ ಬರೆಯಲು ನಿಮ್ಮ ಪಶುವೈದ್ಯರನ್ನು ಕೇಳಿ, ಹೇಳಿದಷ್ಟು ದಿನ ಪೂರ್ತಿ ಕೊಡಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಕೇಳಬಹುದು.

ಪ್ರಶ್ನೆ (ಆಳಂದ): ಮುಂದಿನ ವರ್ಷಕ್ಕ ಯಾವ ಕ್ರಮದಾಗ ಹಾಕಿಸಬೇಕು? ನಮ್ಮಲ್ಲಿ ಮಳೆ ಸುರು ಆದ ಮ್ಯಾಲೇ ಎಲ್ಲರೂ ಓಡಾಡ್ತಾರ.

ಉತ್ತರ (ಲಸಿಕೆ ಕೆಲಸದವರು, ಕಲಬುರಗಿ): ಮಳೆ ಬಿದ್ದ ಮೇಲೆ ಓಡಾಡಿದರೆ ತಡವಾಯಿತು. ಗಳಲೆ ಲಸಿಕೆ ಮೇ ತಿಂಗಳಲ್ಲೇ ಮುಗಿಯಬೇಕು. ಅದಕ್ಕೂ 10-15 ದಿನ ಮೊದಲು ಜಂತಿನ ಔಷಧ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಬಿಳಿಚಿದ ಕುರಿ ಲಸಿಕೆಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಆಲ್ಬೆಂಡಜೋಲ್ ಕೆಜಿಗೆ 7.5 ಮಿಗ್ರಾಂ, ಅಂದರೆ ಮಿಲಿಗೆ 25 ಮಿಗ್ರಾಂ ಇರುವ ದ್ರಾವಣದಲ್ಲಿ 30 ಕೆಜಿಗೆ 9 ಮಿಲಿ. ಗಬ್ಬದ ಮೊದಲ ತಿಂಗಳಲ್ಲಿ ಬೇಡ.

ಪಿಪಿಆರ್ ಜೀವಂತ ಲಸಿಕೆ, 1 ಮಿಲಿ ಚರ್ಮದಡಿಗೆ, 3 ತಿಂಗಳು ದಾಟಿದ ಮರಿಗಳಿಗೆ. ಗಳಲೆಗೂ ಇದಕ್ಕೂ 3 ವಾರ ಅಂತರ ಇಡಿ. ಕಲೆಸಿದ ಮೇಲೆ 2 ತಾಸಿನೊಳಗೆ ಮುಗಿಸಬೇಕು, ನಮ್ಮ ಮೇ ಬಿಸಿಲಲ್ಲಿ ಅಷ್ಟೂ ಹೊತ್ತು ಬರ್ಫದ ಮೇಲೆಯೇ ಇರಲಿ. ಸಿರಿಂಜಿನ ಒಳಗೆ ಸ್ಪಿರಿಟ್ ಹಾಯಿಸಿದರೆ ಲಸಿಕೆಯ ವೈರಸ್ ಅಲ್ಲೇ ಸಾಯುತ್ತದೆ. ಕುದಿಸಿ ಆರಿಸಿ ಬಳಸಿ. ಗಳಲೆ ಲಸಿಕೆಯದು ತಿರುವುಮುರುವು: ಅದು ಹೆಪ್ಪುಗಟ್ಟಬಾರದು. 2ರಿಂದ 8 ಡಿಗ್ರಿ, ಫ್ರಿಜ್ಜಿನ ನಡು ಹಲಗೆ. ಆಲಂ (ಪಟಿಕ) ಬೆರೆತ ಗಳಲೆ ಲಸಿಕೆ ಒಮ್ಮೆ ಗಡ್ಡೆಕಟ್ಟಿ ಕರಗಿದ್ದರೆ, ಅಲುಗಾಡಿಸಿಟ್ಟಾಗ ಬಿಳಿ ಗಸಿ ಬೇಗನೆ ತಳ ಸೇರುತ್ತದೆ. ಅಂಥದ್ದನ್ನು ಎಸೆಯಿರಿ. ಆಲಂ ಲಸಿಕೆಯ ರಕ್ಷಣೆ 4ರಿಂದ 6 ತಿಂಗಳು, ಎಣ್ಣೆ ಬೆರೆತದ್ದು ವರ್ಷದ ಹತ್ತಿರ ಬರುತ್ತದೆ. ಪ್ರಮಾಣ ಬಾಟಲಿ ಮೇಲೆ ಇದ್ದಷ್ಟೇ, ಕಂಪನಿಗೊಂದು ಥರ ಇರುತ್ತದೆ.

ಹಿರೇಬೇನೆಯಿಂದ ಬದುಕಿದ ಕುರಿಗೆ ಪಿಪಿಆರ್ ಲಸಿಕೆಯ ಅವಸರ ಇಲ್ಲ, ಅದಕ್ಕೆ ರೋಗವೇ ಗಟ್ಟಿ ರಕ್ಷಣೆ ಕೊಟ್ಟಿದೆ. ಹೊಸ ಮರಿ, ಸಂತೆಯಿಂದ ತಂದದ್ದು, ಅವನ್ನು ಬಿಡಬೇಡಿ.

ಪ್ರಶ್ನೆ (ಹುಮನಾಬಾದ್): ಎರಡು ತಿಂಗಳ ಮರಿ ಭಾಳ ಕೆಮ್ಮತಾವ. ಲಸಿಕಿ ವಯಸ್ಸಾಗಿಲ್ಲ.

ಉತ್ತರ (ಪಶುವೈದ್ಯರು, ಬೀದರ್): ಆ ವಯಸ್ಸಿನಲ್ಲಿ ತಾಯಿಯ ಗಿಣ್ಣದ ಹಾಲೇ ಲಸಿಕೆ. 3 ಕೆಜಿ ಮರಿಗೆ ಹುಟ್ಟಿದ 2 ತಾಸಿನೊಳಗೆ 150 ಮಿಲಿ, ಮೊದಲ ದಿನವೇ ಇನ್ನೂ ಮೂರು ಸಲ. 24 ತಾಸು ದಾಟಿದರೆ ಅದರ ಪ್ರತಿಕಾಯ ಕರುಳಿನಿಂದ ರಕ್ತಕ್ಕೆ ಇಳಿಯುವುದಿಲ್ಲ.

ಈಗಿನ ಮರಿಗಳಿಗೆ ದೊಡ್ಡಿ ನೋಡಿ. ಚಳಿಗೆ ತಾಡಪತ್ರಿ ನೆಲದಿಂದ ಸೂರಿನವರೆಗೆ ಬಿಗಿದಿದ್ದೀರಾ? ಬೆಳಗಿನ ಐದಕ್ಕೆ ಒಳಗೆ ಹೋಗಿ ಕುಕ್ಕರಗಾಲಲ್ಲಿ ಕೂತು, ಮರಿಯ ಮೂಗಿನ ಮಟ್ಟದಲ್ಲಿ ಉಸಿರೆಳೆಯಿರಿ. ಕಣ್ಣು ಉರಿದರೆ ಅಮೋನಿಯಾ ತುಂಬಿದೆ, ಶ್ವಾಸನಾಳದ ರೋಮ ಅದಕ್ಕೇ ಸುಮ್ಮನಾಗುತ್ತವೆ. ಕುರಿಯ ತಲೆಗಿಂತ ಮೇಲೆ ಒಂದು ಮೊಳ ಬಯಲು ಬಿಡಿ. ತೊಗರಿ ಹೊಟ್ಟು ಹಾಕುವಾಗ ನೀರು ಚಿಮುಕಿಸಿ, ಧೂಳು ಅಡಗಲಿ.

ಉತ್ತರ (ಲಸಿಕೆ ಕೆಲಸದವರು, ಕಲಬುರಗಿ): ಇದಕ್ಕೊಂದು ಸೇರಿಸ್ತೀನಿ. ಜಂತಿನ ಔಷಧ ಕುಡಿಸುವಾಗ ಮರಿಯ ತಲೆ ಆಕಾಶಕ್ಕೆ ಎತ್ತುವ ಚಟ ಬಿಡಿ, ಔಷಧ ಶ್ವಾಸನಾಳಕ್ಕೆ ಹೋಗುತ್ತದೆ. ಮೂಗು ಕಣ್ಣಿನ ಮಟ್ಟ ದಾಟಬಾರದು. ಬಾಯಿಯ ಮೂಲೆಯಿಂದ ನಾಲಿಗೆ ಮೇಲೆ ನಿಧಾನ ಬಿಡಿ, ನುಂಗಿದ ಮೇಲೆ ಮುಂದಿನದು. ಔಷಧ ಹಾಕಿದ ಮರುದಿನವೇ ಕೆಮ್ಮು ಶುರುವಾದ ಮರಿಗಳಿದ್ದರೆ ಮೊದಲು ಇದನ್ನೇ ಶಂಕಿಸಿ.