ಅಪ್‌ಡೇಟ್: ಪುಟ್ಟ ರೌಟರ್ ಕೊನೆಗೂ ದಾರಿಗೆ ಬಂತು

ಜಗಲಿಯಲ್ಲಿರುವ ಫೈಬರ್ ಮೋಡೆಮ್‌ಗೆ ಹೊಸದಾಗಿ ಕೊಂಡ ಅಂಗೈಯಗಲದ ರೌಟರನ್ನು ಕೇಬಲ್‌ನಿಂದ ಜೋಡಿಸಿದರೆ ವೈಫೈ ಹೆಸರು ಕಾಣುತ್ತದೆ, ಪಾಸ್‌ವರ್ಡ್ ಕೂಡ ಒಪ್ಪಿತವಾಗುತ್ತದೆ, ಆದರೆ ಇಂಟರ್ನೆಟ್ ಮಾತ್ರ ಬರುವುದಿಲ್ಲ ಎಂದು ಹಿಂದಿನ ವಾರ ಕೇಳಿದ್ದೆ. ನಿಮ್ಮಲ್ಲೊಬ್ಬರು ಶಂಕಿಸಿದ್ದೇ ನಿಜವಾಯಿತು: ಎರಡೂ ಪೆಟ್ಟಿಗೆಗಳು 192.168.1.1 ಎಂಬ ಒಂದೇ ನೆಟ್‌ವರ್ಕ್ ವಿಳಾಸವನ್ನು ಹಿಡಿದುಕೊಂಡು ಒಂದಕ್ಕೊಂದು ಅಡ್ಡಬರುತ್ತಿದ್ದವು.

ಅವರ ಸಲಹೆಯಂತೆ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ, ಅಂದರೆ ಮೋಡೆಮ್‌ನ ಸಂಪರ್ಕವನ್ನು ವೈಫೈ ಆಗಿ ಹರಡುವುದಷ್ಟೇ ಅದರ ಕೆಲಸವಾಗುವ ಮೋಡ್‌ಗೆ, ಬದಲಿಸಿದೆ. ಈಗ ವಿಳಾಸ ಹಂಚುವ ಕೆಲಸ ಮೋಡೆಮ್‌ನದ್ದು ಮಾತ್ರ. ಆದರೆ ಬದಲಾವಣೆಯ ನಂತರ ರೌಟರ್‌ನ ಸೆಟ್ಟಿಂಗ್ಸ್ ಪುಟ ಹಳೆಯ ವಿಳಾಸದಲ್ಲಿ ತೆರೆಯದೆ, ಅದು ಕೆಟ್ಟೇ ಹೋಯಿತೆಂದು ನಾನು ಅರ್ಧ ಗಂಟೆ ಗಾಬರಿಯಾಗಿದ್ದೆ. ರೌಟರ್‌ಗೆ ಮೋಡೆಮ್ ಹೊಸ ವಿಳಾಸ ಕೊಟ್ಟಿದೆಯೆಂಬುದು ಮೋಡೆಮ್‌ನ ಪುಟದಲ್ಲಿರುವ ಸಾಧನಗಳ ಪಟ್ಟಿಯನ್ನು ನೋಡಿದಾಗಲೇ ತಿಳಿಯಿತು.

ಇನ್ನು ಇಡುವ ಜಾಗದ ವಿಷಯ. ಮೊದಲು ಕಬ್ಬಿಣದ ಬೀರುವಿನ ಹಿಂದೆ ಅಡಗಿಸಿಟ್ಟಿದ್ದೆ, ಅದು ನನ್ನದೇ ದಡ್ಡತನ. ಈಗ ನಡುಮನೆಯ ಗೂಡಿನಲ್ಲಿ, ದೇವರ ಪಟದ ಪಕ್ಕದಲ್ಲಿದೆ. ನಮ್ಮದು ದಪ್ಪ ಮಣ್ಣಿನ ಗೋಡೆಯ ಹಳೆಯ ಮನೆಯಾದ್ದರಿಂದ ರೌಟರ್ ಹೊಮ್ಮಿಸುವ ಎರಡು ಬಗೆಯ ವೈಫೈ ಸಂಕೇತಗಳಲ್ಲಿ 5 ಗಿಗಾಹರ್ಟ್ಸ್‌ನದ್ದು ಪಕ್ಕದ ಕೋಣೆಯಲ್ಲೇ ಸೊರಗುತ್ತದೆ, 2.4 ಗಿಗಾಹರ್ಟ್ಸ್‌ನದ್ದು ವೇಗ ಕಡಿಮೆಯಿದ್ದರೂ ಹಿತ್ತಲ ಬಾಗಿಲವರೆಗೆ ತಲುಪುತ್ತದೆ.

ಕರೆಂಟ್ ಹೋದಾಗ 5 ವೋಲ್ಟ್‌ನ ಈ ರೌಟರ್ ಪವರ್ ಬ್ಯಾಂಕಿನಲ್ಲೇ ನಡೆಯುತ್ತದೆ. ಮೋಡೆಮ್‌ಗೆ 12 ವೋಲ್ಟ್ ಬೇಕಾದ್ದರಿಂದ ಅದಕ್ಕೊಂದು ಚಿಕ್ಕ ಯುಪಿಎಸ್ ಕೊಳ್ಳುವುದು ಬಾಕಿಯಿದೆ.