ಸಿಟಿ ರಿಪೋರ್ಟ್‌ನಲ್ಲಿ ಮೂಗಿನ ಮೂಳೆ ಸೊಟ್ಟ ಅಂತ ಬಂದಿದೆ, ಆಪರೇಷನ್ ಬೇಕೇ ಬೇಕಾ?

ಪ್ರಶ್ನೆ: ನನ್ನ ತಮ್ಮನಿಗೆ 29 ವರ್ಷ. ನಾಲ್ಕು ತಿಂಗಳಿಂದ ಮೂಗು ಕಟ್ಟಿಕೊಂಡೇ ಇದೆ, ಕಫ ಗಂಟಲಿಗೆ ಇಳಿಯುತ್ತದೆ, ವಾಸನೆ ಗೊತ್ತಾಗುತ್ತಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ 'ಎಡಕ್ಕೆ ಡಿಎನ್ಎಸ್, ಬಲಕ್ಕೆ ಕಾಂಕಾ ಬುಲ್ಲೋಸಾ' ಅಂತ ಬರೆದಿದ್ದಾರೆ. ಮನೆಯಲ್ಲಿ ಎಲ್ಲರೂ ಹೆದರಿದ್ದಾರೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ: ಅಕ್ಕಾ, ಮೊದಲು ಹೆದರಬೇಡಿ. ನನ್ನ ರಿಪೋರ್ಟ್‌ನಲ್ಲೂ ಇವೇ ಎರಡು ಪದ ಇದ್ದವು. ಡಿಎನ್ಎಸ್ ಅಂದರೆ ಮೂಗಿನ ನಡುವಿನ ಗೋಡೆ ಒಂದು ಕಡೆಗೆ ವಾಲಿರುವುದು. ಕಾಂಕಾ ಬುಲ್ಲೋಸಾ ಅಂದರೆ ಮೂಗಿನೊಳಗಿನ ಒಂದು ಮೂಳೆಯ ಎಸಳು ಒಳಗೆ ಗಾಳಿ ತುಂಬಿಕೊಂಡು ಪೂರಿಯ ಹಾಗೆ ಉಬ್ಬಿರುವುದು. ಗೋಡೆ ಎಡಕ್ಕೆ ವಾಲಿದರೆ ಬಲಗಡೆ ಜಾಗ ಜಾಸ್ತಿ ಇರುತ್ತದೆ, ಈ ಉಬ್ಬು ಹೆಚ್ಚಾಗಿ ಕಾಣುವುದು ಅಲ್ಲೇ. ಸೈನಸ್ (ಮುಖದ ಮೂಳೆಗಳ ಒಳಗಿರುವ ಗಾಳಿಯ ಗೂಡು) ತೊಂದರೆ ಏನೂ ಇಲ್ಲದವರಿಗೆ ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗಲೂ ಇವು ಎಷ್ಟೋ ಸಲ ಸಿಗುತ್ತವೆ.

ನಮ್ಮ ಇಎನ್‌ಟಿ ಡಾಕ್ಟರ್ ಫಿಲ್ಮನ್ನು ಬೆಳಕಿಗೆ ಹಿಡಿದು ಪೆನ್ನಿನ ತುದಿಯಲ್ಲಿ ತೋರಿಸಿದರು. ಕಪ್ಪು ಕಂಡರೆ ಗಾಳಿ, ಬೂದು ಕಂಡರೆ ಊತ ಅಥವಾ ಕಫ. ಕೆನ್ನೆಯ ಸೈನಸ್ಸಿನ ಬಾಯಿ ಇರುವುದು ತಳದಲ್ಲಲ್ಲ, ಮೇಲೆ! ಒಳಗಿನ ಸಣ್ಣ ಸಣ್ಣ ರೋಮಗಳು ಕಫವನ್ನು ಮೇಲಕ್ಕೆ ತಳ್ಳಿ ತಳ್ಳಿ ಹೊರಗೆ ಹಾಕುತ್ತವೆ. ಆ ದಾರಿ ಮೊದಲೇ ಇಕ್ಕಟ್ಟು, ಅಲರ್ಜಿಯಿಂದಲೋ ನೆಗಡಿಯಿಂದಲೋ ಪೊರೆ ಸ್ವಲ್ಪ ಊದಿಕೊಂಡರೂ ಮುಚ್ಚಿಹೋಗುತ್ತದೆ. ಉಬ್ಬಿದ ಮೂಳೆ ಆ ದಾರಿಯನ್ನೇ ಒತ್ತುತ್ತಿದ್ದರೆ ಅದಕ್ಕೆ ಬೆಲೆ ಕೊಡಬೇಕು, ಬೇರೆಲ್ಲೋ ಸುಮ್ನೆ ಇದ್ದರೆ ಬೇಡ. ಹಾಗಾಗಿ ಡಾಕ್ಟರ್ ಹತ್ತಿರ ಇದೊಂದನ್ನೇ ಕೇಳಿ: ಬೂದು ಇರುವ ಕಡೆ, ಇಕ್ಕಟ್ಟಾದ ಕಡೆ, ಅವನಿಗೆ ತೊಂದರೆ ಇರುವ ಕಡೆ, ಈ ಮೂರೂ ಒಂದೇನಾ?

ನನಗೆ ಆಪರೇಷನ್ ಬೇಕಾಗಲಿಲ್ಲ. ಸ್ಟಿರಾಯ್ಡ್ ಸ್ಪ್ರೇ ಆಗಲೇ ಕೊಟ್ಟಿದ್ದರು, ಆದರೆ ನಾನು ನೇರವಾಗಿ ನಡುಗೋಡೆಗೆ ಹೊಡೆಯುತ್ತಿದ್ದೆ, ದಿನಾ ರಕ್ತ ಬರುತ್ತಿತ್ತು. ತಲೆ ಸ್ವಲ್ಪ ಬಗ್ಗಿಸಿ, ಬಲಗೈಯಲ್ಲಿ ಎಡ ಹೊಳ್ಳೆಗೆ, ಎಡಗೈಯಲ್ಲಿ ಬಲ ಹೊಳ್ಳೆಗೆ, ಕಿವಿಯ ಕಡೆ ತಿರುಗಿಸಿ ಹೊಡೆಯಬೇಕು ಅಂತ ಅಲ್ಲಿನ ಸಿಸ್ಟರ್ ಕೈ ಹಿಡಿದು ಹೇಳಿಕೊಟ್ಟರು. ಅದಕ್ಕೆ ಮೊದಲು ಉಪ್ಪುನೀರಿನಲ್ಲಿ ಮೂಗು ತೊಳೆಯುತ್ತಿದ್ದೆ. ನೀರು ಕುದಿಸಿ ಆರಿಸಿದ್ದೇ ಆಗಬೇಕು, ನಲ್ಲಿ ನೀರು ಖಂಡಿತಾ ಬೇಡ. ಎರಡು ತಿಂಗಳು ಬಿಡದೆ ಮಾಡಿದ ಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯಿಂದ ಇಂಗಿನ ಒಗ್ಗರಣೆ ಘಮ್ ಅಂತ ಬಂತು, ನನಗೆ ಅಳುವೇ ಬಂದುಬಿಟ್ಟಿತು.

ಮೂಗು ಬಿಡಿಸುವ ಡ್ರಾಪ್ಸ್ ಮಾತ್ರ ನಾಲ್ಕೈದು ದಿನಕ್ಕಿಂತ ಜಾಸ್ತಿ ಬೇಡ, ಆಮೇಲೆ ಅದರಿಂದಲೇ ಕಟ್ಟಿಕೊಳ್ಳಲು ಶುರುವಾಗುತ್ತದೆ.

ಇನ್ನೊಬ್ಬರು: ನನ್ನದು ಬೇರೆ ಕಥೆ. ಮೂರು ತಿಂಗಳು ಎಲ್ಲ ಸರಿಯಾಗಿ ಮಾಡಿದೆ, ಮತ್ತೆ ಸ್ಕ್ಯಾನ್ ಮಾಡಿದಾಗ ಬಲಗೆನ್ನೆ ಪೂರ್ತಿ ಬೂದಾಗಿಯೇ ಇತ್ತು. ದುರ್ಬೀನು ಹಾಕಿ ಮಾಡುವ ಫೆಸ್ ಆಪರೇಷನ್ ಆಯಿತು, ಉಬ್ಬಿದ ಎಸಳಿನ ಹೊರಭಾಗ ತೆಗೆದು ದಾರಿ ಅಗಲ ಮಾಡಿದರು. ಮೊದಲ ವಾರ ಬಾಯಲ್ಲೇ ಉಸಿರಾಟ, ನಿದ್ದೆ ಇಲ್ಲ. ಆಮೇಲೆ ಹಕ್ಕಳೆ ಬರುತ್ತದೆ, ತೊಳೆಯುತ್ತಲೇ ಇರಬೇಕು. ಈಗ ಮುಖದ ಭಾರ ಹೋಗಿದೆ. ಆದರೆ ನನಗೆ ಧೂಳಿನ ಅಲರ್ಜಿ ಇದೆ, ಮೂಳೆ ತೆಗೆದರೆ ಅಲರ್ಜಿ ಹೋಗುವುದಿಲ್ಲ ಅಲ್ವಾ, ಸ್ಪ್ರೇ ಇನ್ನೂ ನಡೆದಿದೆ.

ಮತ್ತೊಬ್ಬರು: ಒಂದೇ ಕಡೆ ಕಟ್ಟಿ ಕೆಟ್ಟ ವಾಸನೆ ಬರುತ್ತಿದ್ದರೆ ಹಲ್ಲನ್ನೂ ತೋರಿಸಿ. ನಮ್ಮ ಮಾವನವರಿಗೆ ಮೇಲಿನ ದವಡೆ ಹಲ್ಲಿನ ಬೇರಿನಿಂದ ಸೈನಸ್‌ಗೆ ಕೀವು ಹೋಗಿತ್ತು, ಮೂಗಿನ ಮೂಳೆ ಸೊಟ್ಟ ಅಂತಲೇ ಒಂದು ವರ್ಷ ಕಳೆದೆವು.

ಮೊದಲು ಉತ್ತರ ಕೊಟ್ಟವರು: ಒಂದು ಬಿಟ್ಟುಹೋಯಿತು. ಕಣ್ಣಿನ ಸುತ್ತ ಊದಿಕೊಂಡರೆ, ಎದುರಿಗಿರುವುದು ಎರಡೆರಡಾಗಿ ಕಂಡರೆ, ಜೋರು ಜ್ವರದ ಜೊತೆ ತಡೆಯಲಾಗದ ತಲೆನೋವು ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದ. ತಮ್ಮನನ್ನು ಕೇಳಿದೆ, ಸ್ಪ್ರೇ ಹತ್ತೇ ದಿನ ಹೊಡೆದು ಬಿಟ್ಟಿದ್ದಾನಂತೆ. ಸೋಮವಾರ ಫಿಲ್ಮ್ ತೆಗೆದುಕೊಂಡು ಹೋಗುತ್ತೇವೆ.