‘ಸ್ಟ್ರೇನ್’, ‘ಅನೋಮಿ’: ರಾತ್ರಿಯೊಳಗೆ ಕನ್ನಡ ಪದ ಬೇಕು

ಗೆಳೆಯರೇ,
ಜನ ಯಾಕೆ ಅಪರಾಧ ಮಾಡುತ್ತಾರೆ ಎಂಬ ಬಗ್ಗೆ ಇರುವ ವಾದಗಳನ್ನು ಹೋಲಿಸುವ ಅಧ್ಯಾಯವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಬೆಕರ್ (1963) ಅವರ ಲೇಬಲಿಂಗ್‌ಗೆ ‘ಹಣೆಪಟ್ಟಿ ವಾದ’ (ಸಮಾಜ ಹಚ್ಚುವ ಹಣೆಪಟ್ಟಿಯೇ ಒಬ್ಬನನ್ನು ಅಪರಾಧಿಯಾಗಿಸುತ್ತದೆ ಎನ್ನುವುದು) ಅಂದೆ, ಸಲೀಸಾಗಿ ಕೂತಿತು. ಹಿರ್ಶಿ (1969) ಅವರ ಬಾಂಡ್‌ಗೆ ‘ನಂಟು’ (ಸಮಾಜದ ಜೊತೆಗಿನ ನಂಟು ಸಡಿಲವಾದರೆ ಅಪರಾಧ ಎನ್ನುವುದು). ಸಿಕ್ಕಿಕೊಂಡಿರುವುದು ಮರ್ಟನ್ (1938) ಅವರ ಸ್ಟ್ರೇನ್ ಮತ್ತು ಅದಕ್ಕೆ ಮೂಲವಾದ, ಸಮಾಜಶಾಸ್ತ್ರಜ್ಞ ಡರ್ಖೈಮ್ ಅವರ ಅನೋಮಿ (ಸಮಾಜದ ಕಟ್ಟಳೆಗಳು ಹಿಡಿತ ಕಳೆದುಕೊಂಡ ಸ್ಥಿತಿ). ಸದ್ಯಕ್ಕೆ ‘ಒತ್ತಡ’, ‘ನಿಯಮರಾಹಿತ್ಯ’ ಅಂತ ಬರೆದಿಟ್ಟಿದ್ದೇನೆ. ಎರಡೂ ಹಿಡಿಸಿಲ್ಲ.

—

‘ಒತ್ತಡ’ ಆಗಲ್ಲ, ತೆಗೆಯಿರಿ. ಒತ್ತು ಅಂದರೆ ಅದುಮು. ಸ್ಟ್ರೇನ್ ಎಳೆತದ ಮಾತು. ಲ್ಯಾಟಿನ್ನಿನ ಮೂಲದಲ್ಲೂ ‘ಬಿಗಿಯಾಗಿ ಎಳೆ’ ಎಂದೇ ಇದೆ. ‘ಬಿಗುವು’ ಅನ್ನಿ. ಅನೋಮಿಗೆ ‘ಕಟ್ಟಳೆಗೇಡು’. ನಾಚಿಕೆಗೇಡು, ಮಾನಗೇಡು ಇದ್ದ ಹಾಗೆ. ‘ರಾಹಿತ್ಯ’ ಯಾರ ಬಾಯಲ್ಲೂ ಬರಲ್ಲ.

—

ಕಟ್ಟಳೆಗೇಡು ಬೇಡ ಸರ್. ‘ಗೇಡು’ ಬಂದ ಕಡೆ ಬೈಗುಳವೂ ಬರುತ್ತದೆ. ಹೊಣೆಗೇಡಿ ಅಂದ ತಕ್ಷಣ ಬೆರಳು ಆ ಮನುಷ್ಯನ ಕಡೆ ತಿರುಗುತ್ತದೆ. ಈ ವಾದ ಬೆರಳು ಮಾಡುವುದು ಸಮಾಜದ ಕಡೆಗೆ. ಇಟಲಿಯ ವೈದ್ಯ ಲೊಂಬ್ರೋಸೊ 1876ರಲ್ಲಿ ತಲೆಬುರುಡೆ, ದವಡೆಗಳಲ್ಲಿ ಅಪರಾಧದ ಗುರುತು ಹುಡುಕಿದರು. ಅಲ್ಲಿ ತಪ್ಪೆಲ್ಲ ಮೈಯೊಳಗೆ. ಮರ್ಟನ್ ಹೇಳಿದ್ದೇ ಬೇರೆ. ದುಡ್ಡು ಮಾಡಿದವನೇ ಗೆದ್ದವನು ಅಂತ ಎಲ್ಲರಿಗೂ ಕಲಿಸಿ, ನೆಟ್ಟಗಿನ ದಾರಿಯನ್ನು ಕೆಲವರಿಗೆ ಮಾತ್ರ ತೆರೆದಿಟ್ಟರೆ ಉಳಿದವರಲ್ಲಿ ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ಆಸೆ ಮುಂದಕ್ಕೆ ಎಳೆಯುತ್ತದೆ, ಮುಚ್ಚಿದ ದಾರಿ ಹಿಂದಕ್ಕೆ ತಳ್ಳುತ್ತದೆ. ಇದು ‘ಜಗ್ಗಾಟ’ ಅಲ್ವಾ? ‘ಒತ್ತಡ’ ಅಂದರೆ ಓದುಗರು ತಲೆಬಿಸಿ, ನಿದ್ದೆಗೇಡು ಅಂದುಕೊಳ್ಳುತ್ತಾರೆ. ಮತ್ತೆ ತಪ್ಪು ಆ ಮನುಷ್ಯನ ತಲೆಗೇ. ‘ಬಿಗುವು’ ಅಂದರೆ ಮುಖದ ಬಿಗುವೇ ನೆನಪಾಗುತ್ತದೆ. ಅನೋಮಿಗೆ ‘ಕಟ್ಟಳೆಯ ಸಡಿಲಿಕೆ’ ಸಾಕು.

—

ಇಷ್ಟೆಲ್ಲ ಯಾಕೆ? ಸುಮ್ನೆ ‘ಅನೋಮಿ’ ಅಂತಲೇ ಬಿಡಿ. ‘ಕಾನೂನು’ ಎಲ್ಲಿಯದು? ಗ್ರೀಕಿನ ‘ಕನೋನ್’ ಅರಬ್ಬಿಗೆ ಹೋಗಿ ‘ಕಾನೂನ್’ ಆಯಿತು, ಅಲ್ಲಿಂದ ನಮ್ಮಲ್ಲಿಗೂ ಬಂತು. ವಕೀಲ, ಜಾಮೀನು ಕೂಡ ಅರಬ್ಬಿಯವೇ. ಅವನ್ನು ಯಾರು ಹೊರಗಟ್ಟಿದರು?

—

ಅವು ಕೋರ್ಟು ಅಲೆದವರ ಬಾಯಲ್ಲಿ ಪಳಗಿದ ಪದಗಳು. ಅನೋಮಿ ಯಾರ ಬಾಯಲ್ಲಿದೆ? ನೋಡಿದವರು ಅದನ್ನು ‘ಅನಾಮಿಕ’ದ ತುಂಡು ಅಂದುಕೊಳ್ಳುತ್ತಾರೆ. ಎರವಲು ತಪ್ಪಲ್ಲ, ಸೋಮಾರಿತನದ ಎರವಲು ತಪ್ಪು. ‘ಗೇಡು’ ಬಗ್ಗೆ ಮೇಲೆ ಹೇಳಿದ್ದನ್ನು ಮಾತ್ರ ಒಪ್ಪುತ್ತೇನೆ.

—

‘ಜಗ್ಗಾಟ ವಾದ’ ಹಾಕಿದೆ. ಅನೋಮಿಗೆ ‘ಕಟ್ಟಳೆಯ ಸಡಿಲಿಕೆ’, ಮೊದಲ ಸಲ ಬಂದಲ್ಲಿ ಮಾತ್ರ ಪಕ್ಕದಲ್ಲಿ ಮೂಲಪದ. ಎಲ್ಲರಿಗೂ ವಂದನೆ. ಸದರ್ಲ್ಯಾಂಡ್ ಅವರ ವಾದಕ್ಕೆ ‘ಸಹವಾಸ ದೋಷ’ ಅಂತ ಬರೆದಿದ್ದೆ. ನಿಮ್ಮ ಮಾತು ಓದಿದ ಮೇಲೆ ‘ದೋಷ’ ಹೊಡೆದುಹಾಕಿದೆ. ಅವರ ಪ್ರಕಾರ ಅಪರಾಧವನ್ನೂ ಜೊತೆಗಿರುವವರಿಂದ ಕಲಿಯುತ್ತೇವೆ, ಬೇರೆ ಎಲ್ಲ ಕಲಿತ ಹಾಗೆಯೇ. ‘ಸಹವಾಸ ಕಲಿಕೆ’ ನಡೆದೀತೇ?